ಕೊರೊನಾ ಪರಿಹಾರ ಯಾರ ಖಾತೆಗೆ ಹೋಯಿತು? 10 ರೂಪಾಯಿಯಲ್ಲಿ ಪಟ್ಟಿ ತೆಗೆಸುವುದು ಹೀಗೆ

ಕಲಬುರಗಿ ಜಿಲ್ಲೆಯ ಕಮಲಾಪುರದ ಕಡೆ ಕಟ್ಟೆಗೆ ಕೂತರೆ ಈ ಮಾತು ಇವತ್ತಿಗೂ ಬರುತ್ತದೆ: "ಬಾಳಿ ಹಚ್ಚಿದವರು ನಾವ್ರೀ, ರೊಕ್ಕ ಬಂದಿದ್ದು ಮತ್ಯಾರಿಗೋ." ಬಾಯಿಮಾತಿನ ಜಗಳ ಬೇಡ, ರೊಕ್ಕ ಬಂದವರ ಪಟ್ಟಿ ತೆಗೆಸಿ. ಮಾಹಿತಿ ಹಕ್ಕು ಕಾಯ್ದೆಯ ಅರ್ಜಿಗೆ ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡಿನ ನಕಲು ಹಚ್ಚಿದರೆ ಅದೂ ಇಲ್ಲ.

ಮೊದಲು ಯಾವ ರೊಕ್ಕ ಎಂಬುದು ಖಚಿತವಾಗಲಿ. 2020ರ ಲಾಕ್‌ಡೌನಿನಲ್ಲಿ ನಷ್ಟವಾದ ರೈತರಿಗೆ ರಾಜ್ಯ ಸರ್ಕಾರ ಹೂವಿಗೆ ಹೆಕ್ಟೇರಿಗೆ 25,000, ಹಣ್ಣು–ತರಕಾರಿಗೆ 15,000 ರೂಪಾಯಿ ಘೋಷಿಸಿತು, ಒಬ್ಬರಿಗೆ ಹೆಚ್ಚೆಂದರೆ ಒಂದು ಹೆಕ್ಟೇರ್. ಮೆಕ್ಕೆಜೋಳದವರಿಗೆ ತಲಾ 5,000. 2021ರಲ್ಲಿ ಹೂವು, ಹಣ್ಣು, ತರಕಾರಿಗೆ ಹೆಕ್ಟೇರಿಗೆ 10,000. ಮೆಕ್ಕೆಜೋಳದ್ದು ಕೃಷಿ ಇಲಾಖೆ, ಉಳಿದದ್ದು ತೋಟಗಾರಿಕೆ ಇಲಾಖೆ. ಅರ್ಜಿ ಹೋಗಬೇಕಾದದ್ದು ಆಯಾ ಇಲಾಖೆಯ ತಾಲ್ಲೂಕು ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ.

ಕೆಡುವುದು ಬರೆಯುವಾಗ. "ನಮ್ಮೂರಿಗೆ ಅನ್ಯಾಯ ಆಗಿದೆ, ನನಗ್ಯಾಕೆ ಕೊಡಲಿಲ್ಲ, ಸಂಪೂರ್ಣ ಮಾಹಿತಿ ಕೊಡಿ" ಎಂದು ಮೂರು ಹಾಳೆ ತುಂಬಿಸಿ ತಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. "ಯಾಕೆ" ಎಂದರೆ ಉತ್ತರ ಬರುವುದಿಲ್ಲ. ಈ ಕಾಯ್ದೆಯಲ್ಲಿ ಸಿಗುವುದು ಕಚೇರಿಯಲ್ಲಿರುವ ಕಾಗದ ಮಾತ್ರ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಬಾಳೆ, ಮೆಕ್ಕೆಜೋಳ, ಪಿಎಂ ಕಿಸಾನ್ ಒಂದೇ ಹಾಳೆಯಲ್ಲಿ ಕೂಡಿಸಿದಿರೋ, ತಿರಸ್ಕರಿಸಲು ನೀವೇ ನೆಪ ಕೊಟ್ಟಂತೆ. ನಾನಾದರೆ ಇಷ್ಟೇ ಬರೆಯುತ್ತೇನೆ:

"2020ರ ಲಾಕ್‌ಡೌನ್ ಅವಧಿಯ ಹಣ್ಣು–ತರಕಾರಿ ಬೆಳೆ ಪರಿಹಾರಕ್ಕೆ ಸಂಬಂಧಿಸಿ, (ಊರು, ಹೋಬಳಿ) ವ್ಯಾಪ್ತಿಯ ಫಲಾನುಭವಿಗಳ ಪಟ್ಟಿಯ ದೃಢೀಕೃತ ನಕಲು: ಹೆಸರು, ಸರ್ವೆ ನಂಬರ್, ಬೆಳೆ, ವಿಸ್ತೀರ್ಣ, ಪಾವತಿಸಿದ ಮೊತ್ತ, ದಿನಾಂಕ. ತಿರಸ್ಕೃತ ಅರ್ಜಿಗಳ ಪಟ್ಟಿ, ನಮೂದಿಸಿದ ಕಾರಣದೊಂದಿಗೆ."

ತಿರಸ್ಕೃತರ ಪಟ್ಟಿ ಮರೆಯಬೇಡಿ, ನಿಮ್ಮ "ಯಾಕೆ"ಗೆ ಉತ್ತರ ಅಲ್ಲೇ ಇರುತ್ತದೆ. ಆಧಾರ್, ಬ್ಯಾಂಕ್ ಖಾತೆ ನಂಬರ್ ಮಾತ್ರ ಕೇಳಲೇಬೇಡಿ. ಕೇಳಿದರೆ "ವೈಯಕ್ತಿಕ ಮಾಹಿತಿ, ಕಲಂ 8(1)(ಜೆ)" ಎಂಬ ಒಂದು ಸಾಲಿನ ಹಿಂಬರಹ ಬರುತ್ತದೆ. ಕೇಳದಿದ್ದರೂ ಬರುವುದುಂಟು. ಅದಕ್ಕೇ ಕೊನೆಗೆ ಸೇರಿಸಿ: ಸಹಾಯಧನ ಯೋಜನೆಗಳ ಮೊತ್ತ, ಫಲಾನುಭವಿಗಳ ವಿವರವನ್ನು ಕಚೇರಿ ತಾನಾಗಿಯೇ ಪ್ರಕಟಿಸಬೇಕೆಂದು ಕಲಂ 4(1)(ಬಿ) ಹೇಳುತ್ತದೆ, ಸಾರ್ವಜನಿಕ ಹಿತ ದೊಡ್ಡದಿದ್ದರೆ ಮಾಹಿತಿ ಕೊಡಬಹುದೆಂದು ಕಲಂ 8(2) ಹೇಳುತ್ತದೆ. ಯಾಕೆ ಬೇಕೆಂದು ಕೌಂಟರಿನಲ್ಲಿ ಕೇಳಿದರೆ ಸುಮ್ಮನಿರಿ. ಕಾರಣ ಹೇಳಬೇಕಿಲ್ಲವೆಂದು ಕಲಂ 6(2)ರಲ್ಲೇ ಇದೆ.

ಜೆರಾಕ್ಸ್ ಅಂಗಡಿಯ ಅಚ್ಚು ಹಾಕಿದ ಫಾರಂ ಕೊಳ್ಳಬೇಡಿ, ಬರೆಯಲು ಜಾಗವೇ ಇರದು. ಐನೂರು ಕೊಡಿ, ನಾನೇ ತೆಗೆಸಿಕೊಡ್ತೀನಿ ಎನ್ನುವವರಿಂದ ಇನ್ನೂ ದೂರವಿರಿ. ನಿಮ್ಮ ಹೆಸರಿನ ಅರ್ಜಿ ತೋರಿಸಿ ಅವರು ಬೇರೆ ಕಡೆ ವಸೂಲಿಗೆ ಇಳಿದಾರು.

ಅರ್ಜಿಯನ್ನು ಕೈಯಾರೆ ಕೊಟ್ಟು, ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿ. ಶುಲ್ಕಕ್ಕೆ ಹಚ್ಚುವ ಪೋಸ್ಟಲ್ ಆರ್ಡರ್ ಯಾರ ಹೆಸರಿಗೆಂದು ಕೇಳಿ ತುಂಬಿ. 30 ದಿನ ಕಾಯಿರಿ. ಉತ್ತರ ಬರದಿದ್ದರೆ, ಬಂದದ್ದು ಅರೆಬರೆಯಾದರೆ, ಮುಂದಿನ 30 ದಿನದೊಳಗೆ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗದ ಪೀಠ ಕಲಬುರಗಿಯಲ್ಲೇ ಇದೆ, ಬೆಂಗಳೂರಿನ ಬಸ್ಸು ಹತ್ತಬೇಕಿಲ್ಲ.

ಪಟ್ಟಿ ಕೈಗೆ ಬಂದಾಗ ಹೆಸರಿಗಿಂತ ಮೊದಲು ಮೊತ್ತ ನೋಡಿ. ಒಂದು ಎಕರೆ ಬಾಳೆಗೆ 2020ರ ಲೆಕ್ಕದಲ್ಲಿ ಸುಮಾರು 6,000 ರೂಪಾಯಿ. ಒಬ್ಬರ ಮುಂದೆ 15,000 ದಾಟಿದ್ದರೆ ಅಲ್ಲಿ ಗುರುತು ಹಾಕಿ. ಆಮೇಲೆ ಸರ್ವೆ ನಂಬರ್ ಹಿಡಿದು ಆ ವರ್ಷದ ಪಹಣಿ ತೆಗೆಸಿ. ಪಹಣಿಯಲ್ಲಿ ತೊಗರಿ, ಪಟ್ಟಿಯಲ್ಲಿ ಬಾಳೆ ಇದ್ದರೆ ಕೇಳಬೇಕಾದದ್ದೇ. ಆದರೆ ಗ್ರಾಮಸಭೆಯಲ್ಲಿ ಎದ್ದು ನಿಲ್ಲುವ ಮೊದಲು ಪಕ್ಕದ ಹೊಲದವರನ್ನು ಒಂದು ಮಾತು ಕೇಳಿ. ನಮ್ಮಲ್ಲಿ ಪಹಣಿ ಅಣ್ಣನ ಹೆಸರಿಗೆ, ಸಾಗುವಳಿ ತಮ್ಮನದು ಎನ್ನುವ ಮನೆಗಳು ಬಹಳ. ರೊಕ್ಕ ಅಣ್ಣನ ಖಾತೆಗೆ ಬಿದ್ದಿದ್ದರೆ ಅದು ಆ ಮನೆಯ ಪಡಸಾಲೆಯಲ್ಲಿ ತೀರಬೇಕಾದ ಲೆಕ್ಕ.