ವಾರ್ಡಿಗೆ ಎಷ್ಟು ಜನ ಸಿಸ್ಟರ್ ಬೇಕು: ಮಿಲಿಟರಿ ಆಸ್ಪತ್ರೆಯಲ್ಲಿ ನಾನು ಹಾಕುವ ಲೆಕ್ಕ

ಮಿಲಿಟರಿ ಆಸ್ಪತ್ರೆಯಲ್ಲಿ ಹಾಸಿಗೆ ಎಣಿಸಿ ಡ್ಯೂಟಿ ಹಾಕಿದರೆ ಲೆಕ್ಕ ತಪ್ಪುತ್ತದೆ. ಆಪರೇಷನ್ ಆದ ಸಿವಿಲಿಯನ್ ನಾಲ್ಕನೇ ದಿನ ಮನೆಗೆ ಹೋಗುತ್ತಾನೆ. ಜವಾನನಿಗೆ ಬ್ಯಾರಕ್ಕಿನಲ್ಲಿ ನೋಡಿಕೊಳ್ಳುವವರಿಲ್ಲ, ಹಾಗಾಗಿ ಓಡಾಡುವಂತಾದ ಮೇಲೂ ವಾರ್ಡಿನಲ್ಲೇ ಇರುತ್ತಾನೆ. ಎಲ್ಲ ಹಾಸಿಗೆ ತುಂಬಿದ್ದರೂ ಕೆಲಸ ಹಗುರ ಇರಬಹುದು. ಆದರೆ ಹಾಸಿಗೆ ಹಿಡಿದವನ ಪಕ್ಕದಲ್ಲಿ ಅಮ್ಮನೂ ಇಲ್ಲ, ಹೆಂಡತಿಯೂ ಇಲ್ಲ. ಊಟ ತಿನ್ನಿಸುವುದು, ಮೈ ಒರೆಸುವುದು ಎಲ್ಲ ನಮ್ಮದೇ.

ಅದಕ್ಕೇ ನಾನು ಗಂಟೆ ಎಣಿಸುತ್ತೇನೆ. ತಾನೇ ಓಡಾಡುವವನಿಗೆ ದಿನಕ್ಕೆ 1.5 ಗಂಟೆ, ಆಸರೆ ಬೇಕಾದವನಿಗೆ 3, ಮಲಗಿದಲ್ಲೇ ಇರುವವನಿಗೆ 6, ಡಿಐಎಲ್‌ನಲ್ಲಿ, ಅಂದರೆ ಪ್ರಾಣಾಪಾಯದ ಪಟ್ಟಿಯಲ್ಲಿ ಇರುವವನಿಗೆ 10. ಇವು ನನ್ನ ಸರ್ಜಿಕಲ್ ವಾರ್ಡಿನ ಅಂಕಿ. ಮೂರು ದಿನ ಗಡಿಯಾರ ನೋಡಿ ಬರೆದರೆ ನಿಮ್ಮ ವಾರ್ಡಿನವು ಸಿಗುತ್ತವೆ.

36 ರೋಗಿಗಳಿದ್ದಾರೆ ಅನ್ನಿ. ಓಡಾಡುವವರು 14, ಆಸರೆಯವರು 15, ಮಲಗಿದವರು 5, ಡಿಐಎಲ್ 2. ಕ್ರಮವಾಗಿ 21, 45, 30, 20; ಒಟ್ಟು 116 ಗಂಟೆ. ಎಂಟು ಗಂಟೆಯ ಶಿಫ್ಟಿನಲ್ಲಿ ಹ್ಯಾಂಡ್‌ಓವರ್, ಊಟ, ಲಿನನ್ ಎಣಿಕೆ ಕಳೆದರೆ ರೋಗಿಗೆ ಸಿಗುವುದು 7. 116 ಭಾಗಿಸು 7, ಹಾಗಾಗಿ ದಿನಕ್ಕೆ 17 ಡ್ಯೂಟಿ (ಒಬ್ಬರ ಒಂದು ಶಿಫ್ಟ್ ಅಂದರೆ ಒಂದು ಡ್ಯೂಟಿ): ಬೆಳಿಗ್ಗೆ 7, ಮಧ್ಯಾಹ್ನ 6, ರಾತ್ರಿ 4. ನರ್ಸಿಂಗ್ ಅಸಿಸ್ಟೆಂಟರೂ ಇದರಲ್ಲೇ ಸೇರಿದ್ದಾರೆ. ಆದರೆ ರಾತ್ರಿಯ ನಾಲ್ವರಲ್ಲಿ ಇಬ್ಬರಾದರೂ ಸಿಸ್ಟರ್ ಇರಲೇಬೇಕು. ಒಬ್ಬರೇ ಇದ್ದು ರಕ್ತ ಹಾಕಲು ಶುರು ಮಾಡಿದರೆ ಮೊದಲ 15 ನಿಮಿಷ ಆ ಹಾಸಿಗೆ ಬಿಟ್ಟು ಕದಲುವಂತಿಲ್ಲ; ಅಷ್ಟು ಹೊತ್ತು ಉಳಿದ ಡಿಐಎಲ್ ರೋಗಿಯನ್ನು ನೋಡುವವರು ಯಾರು?

ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ರೋಗಿಯನ್ನು ಮಾತ್ರ ಬೇರೆಯಾಗಿ ಲೆಕ್ಕ ಹಾಕಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು: ದಿನಕ್ಕೆ 12 ಸಲ, ಇಬ್ಬರು, ಪ್ರತಿ ಸಲ 15 ನಿಮಿಷ. ಬೆನ್ನು, ಹಿಮ್ಮಡಿ ಕೆಂಪಾಗಿದೆಯಾ ನೋಡಿ, ದಿಂಬು ಕೊಟ್ಟು, ಕ್ಯಾಥೆಟರ್ (ಮೂತ್ರದ ನಳಿಕೆ) ಮಡಚಿಲ್ಲ ಅಂತ ಖಾತ್ರಿ ಮಾಡಿಕೊಳ್ಳುವಷ್ಟರಲ್ಲಿ ಆ 15 ನಿಮಿಷ ಮುಗಿದಿರುತ್ತದೆ. ಇದೊಂದಕ್ಕೇ 6 ಗಂಟೆ ಹೋಯಿತು. ಔಷಧಿ, ಸ್ನಾನ, ಊಟ ಇನ್ನೂ ಬಾಕಿ. ಇವನಿಗೂ 6 ಎಂದೇ ಬರೆದರೆ ರಾತ್ರಿ ಪಾಳಿಯಲ್ಲಿ ಮಗ್ಗುಲು ತಪ್ಪುತ್ತದೆ, ಬೆಡ್‌ಸೋರ್, ಅಂದರೆ ಮಲಗಿದಲ್ಲೇ ಆಗುವ ಹುಣ್ಣು, ಶುರುವಾಗುತ್ತದೆ.

ಹೆಚ್ಚು ಜನ ಎಡವುವುದು ರಜೆಯ ಲೆಕ್ಕದಲ್ಲಿ. ಭಾರತೀಯ ನರ್ಸಿಂಗ್ ಕೌನ್ಸಿಲ್ ಮಾನದಂಡದಲ್ಲಿ ರಜೆಗೆಂದು ಸೇರಿಸುವುದು ಶೇ. 30. ಮಿಲಿಟರಿ ನರ್ಸಿಂಗ್ ಆಫೀಸರಿಗೆ, ಅಂದರೆ ನಮ್ಮ ಸಿಸ್ಟರ್‌ಗಳಿಗೆ, ವರ್ಷಕ್ಕೆ 60 ದಿನ ವಾರ್ಷಿಕ ರಜೆ, 20 ದಿನ ಕ್ಯಾಶುಯಲ್. ಅದರ ಮೇಲೆ ವಾರಕ್ಕೊಂದರಂತೆ 52 ದಿನ ರಜೆ. 365ರಲ್ಲಿ ಉಳಿಯುವುದು 233 ದಿನ. 365 ಭಾಗಿಸು 233, ಸುಮಾರು 1.57. 17 ಡ್ಯೂಟಿಗೆ 27 ಜನ ಬೇಕು, ಶೇ. 30ರ ಲೆಕ್ಕದಲ್ಲಿ ಸಿಗುವುದು 22. ಆ ಐದು ಜನರ ಕೊರತೆಯನ್ನು ಡಬಲ್ ಡ್ಯೂಟಿ ಮಾಡಿ ತುಂಬುವವರು ಹಾಜರಿರುವ ಸಿಸ್ಟರ್‌ಗಳು. ಕೋರ್ಸ್, ಟೆಂಪರರಿ ಡ್ಯೂಟಿ, ರೆಫರ್ ಆದ ರೋಗಿಯ ಜೊತೆ ಆಂಬುಲೆನ್ಸಿನಲ್ಲಿ ಹೋಗುವುದು ಇದರಲ್ಲಿ ಸೇರಿಯೇ ಇಲ್ಲ.

ರೋಗಿಗಳನ್ನು ಈ ನಾಲ್ಕು ಗುಂಪು ಮಾಡುವುದು ದಿನಕ್ಕೆ ಎರಡು ಸಲ: ರೌಂಡ್ಸ್ ಮುಗಿದ ಮೇಲೆ ಒಮ್ಮೆ, ರಾತ್ರಿ ಪಾಳಿಗೆ ಮೊದಲು ಒಮ್ಮೆ. ಆಪರೇಷನ್ ದಿನ ಬೆಳಿಗ್ಗೆ ಓಡಾಡುತ್ತಿದ್ದವನು ಸಂಜೆಗೆ 6ರ ಗುಂಪಿಗೆ ಬಂದಿರುತ್ತಾನೆ. ಇಬ್ಬರು ಬೇರೆ ಬೇರೆಯಾಗಿ ಗುರುತು ಹಾಕಲಿ. ಹೊಂದದಿದ್ದರೆ ರೋಗಿಯ ಹತ್ತಿರ ಹೋಗಿ ನೋಡಿ. ದಿನದ ಗಂಟೆಗಳನ್ನು ಒಂದು ರಿಜಿಸ್ಟರಿನಲ್ಲಿ ಬರೆಯುತ್ತಾ ಬನ್ನಿ. ಜನ ಬೇಕೆಂದು ಕೇಳುವ ಪತ್ರಕ್ಕೆ ಮೂರು ತಿಂಗಳ ಆ ಹಾಳೆಗಳನ್ನು ಲಗತ್ತಿಸಿ, ಕೊರತೆ ಬಿದ್ದ ಪಾಳಿಗಳಿಗೆ ಕೆಂಪು ಗೆರೆ ಎಳೆದಿರಿ.