ಫೀ ಇಲ್ಲದ ಫೈಲಿನಲ್ಲಿ ಜೂನಿಯರ್‌ಗಳು ಪಳಗಿದ್ದು: ನನ್ನ ಅನುಭವ

"ಬಡವರ ತಲೆ ಮೇಲೆ ಕ್ಷೌರ ಕಲಿಸ್ಲಿಕ್ಕೆ ಹೊರಟಿದ್ದೀರಾ ಮಾರಾಯ್ರೇ?" ಬಡವರ ಕೇಸನ್ನು ಉಚಿತವಾಗಿ ಹಿಡಿದು ಜೂನಿಯರ್ ವಕೀಲರ ಕೈಗೆ ಕೊಡಲು ಹೊರಟಾಗ, ಏಳೆಂಟು ವರ್ಷದ ಹಿಂದೆ ಮಂಗಳೂರು ಕೋರ್ಟಿನಲ್ಲಿ ವಕೀಲರು ಕೂರುವ ಬಾರ್ ರೂಮಿನಲ್ಲಿ ನನಗಿಂತ ಹಿರಿಯರೊಬ್ಬರು ಎಲ್ಲರ ಎದುರೇ ಕೇಳಿದ ಮಾತಿದು. ಮಾತಿನಲ್ಲಿ ಸುಳ್ಳಿರಲಿಲ್ಲ. ಮೊದಲ ಎರಡು ವರ್ಷ ನಾನು ಮಾಡಿದ್ದು ಹೆಚ್ಚುಕಡಿಮೆ ಅದನ್ನೇ. ಈಗ ನನ್ನ ಚೇಂಬರಿನಿಂದ ಹೊರಟ ನಾಲ್ಕು ಮಂದಿ ಸ್ವಂತ ಬೋರ್ಡು ಹಾಕಿಕೊಂಡಿದ್ದಾರೆ. ಹಾಗಾಗಿ ಬರೆಯುವ ಧೈರ್ಯ ಬಂತು.

ಜೂನಿಯರ್‌ಗಳ ಗೋಳು ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ವಾಯಿದೆ (ಕೇಸಿನ ಮುಂದಿನ ತಾರೀಕು) ಕೇಳೋದು, ಮಧ್ಯಾಹ್ನ ಸರ್ಟಿಫೈಡ್ ಕಾಪಿಗೆ ಅಲೆಯೋದು, ಸಂಜೆ ಫೈಲು ಹೊಲಿಯೋದು. ಮೂರು ವರ್ಷ ಕಳೆದರೂ ಒಬ್ಬ ಸಾಕ್ಷಿಯನ್ನು ಮಾತಾಡಿಸಿರುವುದಿಲ್ಲ. ಫೀ ಕೊಟ್ಟ ಕಕ್ಷಿದಾರನಿಗೆ ಜೂನಿಯರ್ ಎದ್ದು ನಿಂತರೇ ಹೊಟ್ಟೆಯಲ್ಲಿ ತಳಮಳ. ಬಡವರಿಗೆ ಉಚಿತ ವಕೀಲರನ್ನು ಕೊಡುವ ಕಾನೂನು ಸೇವೆಗಳ ಪ್ರಾಧಿಕಾರದ ಪ್ಯಾನೆಲ್‌ಗೆ ಸೇರಿಸೋಣ ಅಂದ್ರೆ, ರಾಷ್ಟ್ರೀಯ ಪ್ರಾಧಿಕಾರದ (ನಾಲ್ಸಾ) 2010ರ ನಿಯಮದ ಪ್ರಕಾರ ಕನಿಷ್ಠ ಮೂರು ವರ್ಷದ ಅನುಭವ ಇರಬೇಕು. ಆ ಮೂರು ವರ್ಷ ತುಂಬುವುದರೊಳಗೆ ಹುಡುಗರು ಬೆಂಗಳೂರಿಗೆ ಬಸ್ಸು ಹತ್ತಿರುತ್ತಾರೆ. ನನ್ನಲ್ಲಂತೂ ಸರಾಸರಿ ಎಂಟು ತಿಂಗಳು ನಿಲ್ಲುತ್ತಿದ್ದರು. ಹಾಗಾಗಿ ನಾನೇ ಉಚಿತವಾಗಿ ಕೇಸು ಹಿಡಿದು, ವಕಾಲತ್ತಿನಲ್ಲಿ ನನ್ನ ಹೆಸರಿನ ಜೊತೆ ಅವರ ಹೆಸರನ್ನೂ ಹಾಕಿ, ಕೇಸನ್ನು ಅವರ ಕೈಗೆ ಬಿಡುವುದೆಂದು ತೀರ್ಮಾನಿಸಿದೆ.

ಬಿಟ್ಟೆ ನೋಡಿ, ಅಲ್ಲೇ ಎಡವಿದ್ದು. ಪೂರ್ತಿ ಬಿಟ್ಟುಬಿಟ್ಟೆ.

ಬೆಂಗ್ರೆಯ ಒಬ್ಬ ಹೆಂಗಸು ಬಂಗಾರ ಅಡವಿಟ್ಟು ಪರಿಚಯದವನಿಗೆ 35 ಸಾವಿರ ಕೊಟ್ಟಿದ್ದರು. ಅವನು ಕೊಟ್ಟ ಚೆಕ್ಕು ಬೌನ್ಸ್ ಆಗಿತ್ತು. ನೋಟಿಸು ಕಳಿಸು ಅಂತ ಜೂನಿಯರ್‌ಗೆ ಹೇಳಿ ನಾನು ಬೇರೆ ಕೆಲಸ ನೋಡಿದೆ. ಅವನು ಚೆಂದದ ನೋಟಿಸೇ ಬರೆದಿದ್ದ. ಕಳಿಸಿದ್ದು ಮಾತ್ರ ಚೆಕ್ಕು ಬೌನ್ಸ್ ಆದ ಬಗ್ಗೆ ಬ್ಯಾಂಕಿನ ಮೆಮೊ ಕೈಗೆ ಬಂದ ಮೂವತ್ತೆರಡನೇ ದಿನ, ಗಡುವು ಇದ್ದದ್ದು ಮೂವತ್ತು ದಿನ. ಚೆಕ್ಕನ್ನು ಮತ್ತೆ ಹಾಕೋಣ ಅಂದ್ರೆ ಅದರ ಮೂರು ತಿಂಗಳ ಅವಧಿಯೂ ಮುಗಿದಿತ್ತು. ಸಿವಿಲ್ ದಾವೆ ಹಾಕುವ ದಾರಿ ಇತ್ತು, ಆದರೆ ಆಕೆ ಇನ್ನು ಕೋರ್ಟಿನ ಮೆಟ್ಟಿಲೇ ಬೇಡ ಅಂದರು. ನನ್ನ ಕಿಸೆಯಿಂದ 20 ಸಾವಿರವೋ 22 ಸಾವಿರವೋ ಕೊಟ್ಟೆ. ಮನೆಯಲ್ಲಿ ಹೇಳಲಿಲ್ಲ. ಆ ಹುಡುಗ ಒಂದು ವಾರ ಚೇಂಬರಿಗೆ ಬರಲಿಲ್ಲ. ನಾನೇ ಹೋಗಿ ಕರೆದುಕೊಂಡು ಬಂದೆ. ತಪ್ಪು ಅವನದ್ದಕ್ಕಿಂತ ನನ್ನದೇ ಜಾಸ್ತಿ, ಅಲ್ವಾ? ಆಮೇಲಿಂದ ಉಚಿತ ಫೈಲಿನ ಮೇಲ್ಗಡೆ ಕೆಂಪು ಶಾಯಿಯಲ್ಲಿ ಒಂದೇ ಒಂದು ದಿನಾಂಕ ಇರುತ್ತದೆ, ಅವಧಿ ಮುಗಿಯುವ ದಿನ. ಶನಿವಾರ ಸಂಜೆ ಆ ಕೆಂಪು ದಿನಾಂಕಗಳನ್ನು ಜೂನಿಯರ್ ಬಾಯಲ್ಲೇ ಹೇಳಿಸುತ್ತೇನೆ.

ಇನ್ನೊಂದು ಎಡವಟ್ಟು ಭಾಷೆಯದ್ದು. ದಾವಣಗೆರೆ ಕಡೆಯ ಹುಡುಗ, ಕನ್ನಡ ಗಟ್ಟಿ, ತುಳು ಸೊನ್ನೆ. ಕೌಟುಂಬಿಕ ದೌರ್ಜನ್ಯದ ಅರ್ಜಿಗೆ ಒಬ್ಬರ ಹೇಳಿಕೆ ಬರೆದುಕೊಳ್ಳುತ್ತಿದ್ದ. ಆಕೆ, "ಅವು ಎಂಕ್ಲೆನ ಇಲ್ಲ್" ಅಂದರು. ಅದು ನಮ್ಮ ಮನೆ ಅಂತ ಅರ್ಥ. ಇವನ ಕಿವಿಗೆ ಬಿದ್ದದ್ದು "ಇಲ್ಲ". ಹಾಗಾಗಿ "ಸದರಿ ಮನೆ ನಮ್ಮದಲ್ಲ" ಅಂತ ಬರೆದ! ವಾಸದ ಹಕ್ಕು ಕೇಳುವ ಅರ್ಜಿಯಲ್ಲಿ ಇಂಥ ಸಾಲು ಇದ್ದರೆ ಎದುರಿನ ವಕೀಲರಿಗೆ ಹಬ್ಬವೇ. ಸಹಿಗೆ ಮೊದಲು ನಮ್ಮ ಗುಮಾಸ್ತರು ಸುಮ್ನೆ ಕಣ್ಣಾಡಿಸಿದ್ದರಿಂದ ಬಚಾವಾದೆವು. ಅಂದಿನಿಂದ ಬರೆದದ್ದನ್ನು ಕಕ್ಷಿದಾರರಿಗೆ ಅವರ ಭಾಷೆಯಲ್ಲೇ ಓದಿ ಹೇಳದೆ ಸಹಿ ಹಾಕಿಸುವುದಿಲ್ಲ. ತುಳು, ಕೊಂಕಣಿ, ಬ್ಯಾರಿ, ಯಾವುದೇ ಇರಲಿ. ಜೂನಿಯರ್‌ಗೆ ಬಾರದಿದ್ದರೆ ಬರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಆ ದಾವಣಗೆರೆಯವನು ಈಗ ತುಳುವಿನಲ್ಲೇ ಬೈಯುತ್ತಾನೆ.

ಯಾವ ಕೇಸು ಕೊಡಬೇಕು ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ಜೀವನಾಂಶ, ಅದರ ಬಾಕಿ ವಸೂಲಿ, ಕೌಟುಂಬಿಕ ದೌರ್ಜನ್ಯ, ಸಣ್ಣ ಅಪಘಾತದ ಪರಿಹಾರ. ಜೂನಿಯರ್ ನನ್ನಲ್ಲಿ ಇರುವಾಗಲೇ ಮುಗಿಯುವಂಥದ್ದು ಬೇಕು. ಬಾಕಿ ವಸೂಲಿಯಂತೂ ಒಳ್ಳೆ ಗರಡಿಮನೆ. ಹಣ ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಬೀಳದಿದ್ದರೆ ವಾರಂಟಿನ ದಾರಿ ಮುಚ್ಚಿತು. ಹಾಗಾಗಿ ಲೆಕ್ಕ ಇಡಲು ತಾನಾಗಿ ಕಲಿಯುತ್ತಾರೆ. ಸುಪ್ರೀಂ ಕೋರ್ಟಿನ 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನ ನಂತರ ಜೀವನಾಂಶದ ಕೇಸಿನಲ್ಲಿ ಗಂಡ ಹೆಂಡತಿ ಇಬ್ಬರೂ ಆಸ್ತಿ-ಸಾಲದ ಅಫಿಡವಿಟ್ ಹಾಕಲೇಬೇಕಲ್ಲ, ಪಾಟೀಸವಾಲು ಕಲಿಸಲು ಅದಕ್ಕಿಂತ ಒಳ್ಳೆ ಪಠ್ಯ ನನಗೆ ಸಿಕ್ಕಿಲ್ಲ.

ಒಂದು ಕೇಸಿನಲ್ಲಿ ಗಂಡ ತನಗೆ ತಿಂಗಳಿಗೆ 12 ಸಾವಿರ ಸಂಬಳ ಅಂತ ಅಫಿಡವಿಟ್ ಹಾಕಿದ್ದ. ನಮ್ಮ ಹುಡುಗಿ ಅವನ ಬ್ಯಾಂಕ್ ಸ್ಟೇಟ್‌ಮೆಂಟನ್ನು ಎರಡು ರಾತ್ರಿ ಕೂತು ಗುರುತು ಹಾಕಿದ್ದಳು. "ಹನ್ನೆರಡು ಸಾವಿರ ಸಂಬಳದಲ್ಲಿ ಒಂಬತ್ತು ಸಾವಿರ ಕಂತು ಹೇಗೆ ಕಟ್ತೀರಿ?" ಅಂತ ಕೇಳಿದಳು. ಅವನು ತಡವರಿಸಿ, "ಭಾವ ಕೊಡ್ತಾರೆ" ಅಂದ. ಅಲ್ಲಿಗೆ ಕೂತುಬಿಡಬೇಕಿತ್ತು. ಇವಳು ಕೂರಲಿಲ್ಲ. "ಭಾವ ಯಾಕೆ ಕೊಡ್ಬೇಕು?" ಅಂದಳು. ಹಿಂದಿನ ಬೆಂಚಿನಲ್ಲಿದ್ದ ನಾನು ಕೆಟ್ಟಿತು ಅಂತ ಅರ್ಧ ಎದ್ದೆ. ಅಷ್ಟರಲ್ಲಿ ಅವನೇ, "ನಾನು ಅವರಿಗೆ ಮೂರು ಲಕ್ಷ ಕೊಟ್ಟಿದ್ದೆ, ಅದು ವಾಪಸ್ ಬರ್ತಾ ಉಂಟು" ಅಂದ. ನಾನು ಮೆಲ್ಲ ಕೂತೆ. ಮಧ್ಯಂತರದಲ್ಲಿ 3,500 ಇದ್ದ ಜೀವನಾಂಶ ಕೊನೆಯ ಆದೇಶದಲ್ಲಿ 8 ಸಾವಿರ ಆಯಿತು. ಸಾಕ್ಷಿ ಕಟಕಟೆಯಲ್ಲಿರುವಾಗ ನಾನು ಬಾಯಿ ಬಿಡಬಾರದು ಅನ್ನುವ ನಿಯಮ ಆ ದಿನದ್ದು.

ನಿಯಮದ ಇನ್ನೊಂದು ಭಾಗವೂ ಇದೆ. ಕೇಸು ಸೋತರೆ ಆ ಸುದ್ದಿಯನ್ನು ಕಕ್ಷಿದಾರರಿಗೆ ಜೂನಿಯರೇ ಹೇಳಬೇಕು, ಎದುರು ಕೂತು. ಫೋನಿನಲ್ಲಿ ಅಲ್ಲ. ರಾಜಿ ಮಾತ್ರ ನನ್ನನ್ನು ಕೇಳದೆ ಮಾಡುವ ಹಾಗಿಲ್ಲ. ಲೋಕ ಅದಾಲತ್ ಹತ್ತಿರ ಬಂದರೆ ಜೂನಿಯರ್‌ಗಳಿಗೆ ಫೈಲು ಮುಗಿಸುವ ಆತುರ. ಅಲ್ಲಿ ಆದ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ. ಅದಕ್ಕೆ ಮೊದಲು ಕಕ್ಷಿದಾರರನ್ನು ನಾನು ಒಬ್ಬರನ್ನೇ ಕೂರಿಸಿ ಕೇಳುತ್ತೇನೆ.

ದುಡ್ಡಿನ ವಿಷಯ. ಟೈಪಿಂಗ್, ಜೆರಾಕ್ಸ್, ಪ್ರೊಸೆಸ್ (ಸಮನ್ಸ್ ಜಾರಿಯ ಶುಲ್ಕ) ಎಲ್ಲ ಸೇರಿ ಫೈಲಿಗೆ ಒಂದೂವರೆ ಎರಡು ಸಾವಿರ ಹೋಗುತ್ತದೆ. ವರ್ಷಕ್ಕೆ ಹನ್ನೆರಡು ಹದಿನೈದು ಫೈಲು. ಸ್ಟೈಪೆಂಡ್ ಬೇರೆ, 8 ಸಾವಿರದಿಂದ ಶುರು ಮಾಡಿ ಈಗ 12ಕ್ಕೆ ಬಂದಿದೆ. ಕಕ್ಷಿದಾರರು ವಾಯಿದೆಗೆ ಬರುವುದೇ ಇಲ್ಲ ಅಂತ ಮೊದಲು ಸಿಟ್ಟು ಬರುತ್ತಿತ್ತು. ಬೇಜವಾಬ್ದಾರಿ ಅಂದುಕೊಂಡು ನೂರು ರೂಪಾಯಿ ಠೇವಣಿ ಇಡಿಸಿ ನೋಡಿದೆ. ನೂರು ಹೋದರೆ ಹೋಗಲಿ ಅಂತ ಮನೆಯಲ್ಲೇ ಕೂತರು. ವಿಚಾರಿಸಿದರೆ ಬೀಡಿ ಕಟ್ಟುವವರಿಗೆ ಒಂದು ದಿನ ಕೋರ್ಟಿಗೆ ಬಂದರೆ ಆ ದಿನದ ಬೀಡಿಯ ದುಡ್ಡೂ ಇಲ್ಲ, ಮೇಲೆ ಬಸ್ಸಿನ ಖರ್ಚು. ಠೇವಣಿ ನಿಲ್ಲಿಸಿ, ಬಸ್ಸಿನ ದುಡ್ಡು ನಾವೇ ಕೊಟ್ಟೆವು. ಮುನ್ನಾದಿನ ಸಂಜೆ ಫೋನು ಮಾಡುವುದು ಜೂನಿಯರ್ ಕೆಲಸ. ಈಗ ಹತ್ತರಲ್ಲಿ ಎಂಟು ಮಂದಿ ಬರುತ್ತಾರೆ. ಈ ಖರ್ಚನ್ನು ನಾನು ಎಲ್ಲಿಂದ ಸರಿದೂಗಿಸುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಲಾಭ ಇಷ್ಟು: ಎಂಟು ತಿಂಗಳಿಗೆ ಓಡುತ್ತಿದ್ದವರು ಈಗ ಎರಡೂವರೆ ಮೂರು ವರ್ಷ ನಿಲ್ಲುತ್ತಾರೆ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಎದುರಾಳಿಯ ಮಾತಿನಿಂದಲೇ ಎಳೆ ಹಿಡಿಯುವುದನ್ನು ಕಲಿಯಲಿ ಅಂತ ಜೂನಿಯರ್‌ಗಳನ್ನು ತಾಳಮದ್ದಳೆಗೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ವಾದಿಸುವ ಯಕ್ಷಗಾನಕ್ಕೆ, ಕಳಿಸಿದೆ. ಇಬ್ಬರಿಗೆ ಉಪಯೋಗ ಆಯಿತು. ಮೂರನೆಯವನು ಸಾಕ್ಷಿಯ ಎದುರು ಸಂಧಾನಕ್ಕೆ ಬಂದ ಕೃಷ್ಣನ ಹಾಗೆ ಪೀಠಿಕೆ ಹಾಕಲು ಶುರು ಮಾಡಿದ. "ವಕೀಲರೇ, ಪ್ರಶ್ನೆ ಎಲ್ಲುಂಟು?" ಅಂದರು ಜಡ್ಜ್. ಅವನಿಗೆ ತಾಳಮದ್ದಳೆ ಬಂದ್ ಮಾಡಿಸಿದೆ.

ಅಸಿಸ್ಟೆಂಟ್ ಕಮಿಷನರ್ (ಎಸಿ) ಕಚೇರಿಯ ಪ್ರಯೋಗ ಮಾತ್ರ ನಾನು ನೆನೆಸಿದ್ದಕ್ಕಿಂತ ಚೆನ್ನಾಗಿ ಕೂತಿತು. ಮಕ್ಕಳು ನೋಡಿಕೊಳ್ಳದ ಹಿರಿಯರ ಅರ್ಜಿ ನಡೆಯುವುದು ಅಲ್ಲಿ, ಆದರೆ ಹಿರಿಯ ನಾಗರಿಕರ ಕಾಯ್ದೆಯ 17ನೇ ಸೆಕ್ಷನ್ ವಕೀಲರನ್ನು ಹೊರಗಿಡುತ್ತದೆ. ಕೆಲವು ಹೈಕೋರ್ಟುಗಳು ಬೇರೆ ಮಾತು ಹೇಳಿವೆ, ಆ ಚರ್ಚೆ ಇಲ್ಲಿ ಬೇಡ. ನಾವು ಒಳಗೆ ಹೋಗದೆಯೇ ಕೆಲಸ ಮಾಡಿದೆವು. ಜೂನಿಯರ್ ಅರ್ಜಿ ಬರೆಯಬೇಕು, ಅಜ್ಜಿಯೇ ಒಳಗೆ ಹೋಗಿ ಮಾತಾಡಬೇಕು. ಅಜ್ಜಿಯ ಬಾಯಿಗೆ ಬಾರದ ಒಂದು ಶಬ್ದವೂ ಅರ್ಜಿಯಲ್ಲಿ ಇರುವ ಹಾಗಿಲ್ಲ. "ತತ್ಸಂಬಂಧ", "ಮೇಲ್ಕಾಣಿಸಿದ" ಎಲ್ಲ ಒಂದೇ ತಿಂಗಳಲ್ಲಿ ಉದುರಿಹೋದವು. ಮಗನಿಗೆ ಬರೆದುಕೊಟ್ಟ ದಾನಪತ್ರದಲ್ಲಿ ನೋಡಿಕೊಳ್ಳುವ ಷರತ್ತು ಇದೆಯಾ ಅಂತ ಪತ್ರವನ್ನು ಸಾಲು ಸಾಲು ಓದುವ ಅಭ್ಯಾಸವೂ ಅಲ್ಲೇ ಆಯಿತು.

ಪಾಲಿನ ದಾವೆಯನ್ನು ಮಾತ್ರ ಜೂನಿಯರ್‌ಗೆ ಕೊಡಬೇಡಿ, ಅದರಲ್ಲೂ ಹೆಣ್ಣಿನ ಕಡೆಯಿಂದ ಆಸ್ತಿ ಇಳಿದು ಬರುವ ಅಳಿಯಸಂತಾನದ ಕುಟುಂಬದ್ದು. ನಾನು ಕನಿಕರಕ್ಕೆ ಒಂದು ಹಿಡಿದಿದ್ದೆ. ವಂಶವೃಕ್ಷ ಬರೆಯಲಿಕ್ಕೇ ಎರಡು ತಿಂಗಳು ಹಿಡಿಯಿತು. ಅದನ್ನು ಬರೆದ ಹುಡುಗನಿಗೆ ಮದುವೆಯಾಗಿ, ಉಡುಪಿಯಲ್ಲಿ ಸ್ವಂತ ಆಫೀಸೂ ಆಗಿದೆ. ಫೈಲು ಇನ್ನೂ ನನ್ನ ಕಪಾಟಿನಲ್ಲೇ ಇದೆ. ಪ್ರತಿವಾದಿಗಳಲ್ಲಿ ಇಬ್ಬರು ತೀರಿಹೋಗಿದ್ದಾರೆ, ವಾರಸುದಾರರನ್ನು ಸೇರಿಸುವ ಅರ್ಜಿಯನ್ನು ಮುಂದಿನ ವಾಯಿದೆಗೆ ನಾನೇ ಹಾಕಬೇಕು.