ಬಾಡಿಗೆ ಮನೆಗೆ ಪುಟ್ಟ ವೈಫೈ: ಕೋಲಾರಕ್ಕೆ ಹೊಸದಾಗಿ ಬಂದವರಿಗೆ

ನರಸಾಪುರ, ವೇಮಗಲ್ ಫ್ಯಾಕ್ಟರಿಗಳಲ್ಲಿ ಕೆಲಸ ಸಿಕ್ಕಿ ಕೋಲಾರದಲ್ಲಿ ಮನೆ ಮಾಡಿದವರು ನಮ್ಮ ಸಂಘಕ್ಕೆ ಬಂದಾಗ ಮೊದಲು ನೀರಿನ ವಿಚಾರ ಕೇಳುತ್ತಾರೆ, ಆಮೇಲೆ ವೈಫೈ. 11 ತಿಂಗಳ ಕರಾರಿನ ಮನೆಗೆ ಗೋಡೆ ಕೊರೆದು ಕೇಬಲ್ ಎಳೆಸುತ್ತೇವೆ ಅಂದರೆ ಓನರ್ ಮುಖ ಗಂಟಿಕ್ಕುವುದೇ ಜಾಸ್ತಿ. ಸಿಮ್ ಹಾಕಿ ಓಡಿಸುವ ಪುಟ್ಟ ರೂಟರ್ ಆದರೆ ಆ ತಲೆನೋವಿಲ್ಲ.

ಕೊಳ್ಳುವ ಮೊದಲು, ರೂಟರ್‌ಗೆ ಯಾವ ಕಂಪನಿಯ ಸಿಮ್ ಹಾಕಬೇಕು ಅಂತಿದ್ದೀರೋ ಅದೇ ಕಂಪನಿಯ ಸಿಮ್ ಇರುವ ಫೋನನ್ನು ನಿಮ್ಮ ಮನೆಯೊಳಗೆ ರಾತ್ರಿ 8ರ ಮೇಲೆ ಓಡಿಸಿ ನೋಡಿ. ಬೆಳಗ್ಗೆ ಚೆನ್ನಾಗಿದ್ದ ನೆಟ್‌ವರ್ಕ್ ಬೀದಿಯವರೆಲ್ಲ ಫೋನ್ ಹಿಡಿದು ಕೂತಾಗ ತೆವಳಬಹುದು. ಬೇರೆ ಕಂಪನಿಯ ಸಿಮ್ ಕೂಡ ನಡೆಯುತ್ತಾ ಅಂತ ಅಂಗಡಿಯಲ್ಲೇ ಕೇಳಿ. ಕೆಲವು ರೂಟರ್‌ಗಳು ಒಂದೇ ಕಂಪನಿಗೆ ಲಾಕ್ ಆಗಿರುತ್ತವೆ.

ಬ್ಯಾಟರಿ ಕೆಳಗೆ ಅಥವಾ ಹಿಂಬದಿಯಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಮೊದಲು ಅದರ ಫೋಟೋ ತೆಗೆದಿಡಿ. ವೈಫೈ ಹೆಸರು, ಪಾಸ್‌ವರ್ಡ್, ಸೆಟ್ಟಿಂಗ್ಸ್ ಪುಟದ ವಿಳಾಸ ಎಲ್ಲ ಅದರಲ್ಲೇ ಇರುತ್ತವೆ. ಫೋನನ್ನು ಆ ವೈಫೈಗೆ ಸೇರಿಸಿ, ಬ್ರೌಸರ್‌ನಲ್ಲಿ ಆ ವಿಳಾಸ ಹೊಡೆಯಿರಿ. 192.168.1.1 ಅಥವಾ 192.168.0.1 ಥರ ಇರುತ್ತದೆ. ಇಲ್ಲಿ ಪಾಸ್‌ವರ್ಡ್ ಎರಡು: ಒಂದು ವೈಫೈಗೆ, ಇನ್ನೊಂದು ಈ ಪುಟಕ್ಕೆ. ಮೊದಲನೆಯದನ್ನು ಬದಲಾಯಿಸಿ ಎರಡನೆಯದನ್ನು ‘ಅಡ್ಮಿನ್’ ಅಂತಲೇ ಬಿಡುವವರು ತುಂಬಾ ಜನ. ಎರಡನ್ನೂ ಬದಲಾಯಿಸಿ. ಸೆಕ್ಯುರಿಟಿ, ಅಂದರೆ ವೈಫೈ ಬೀಗದ ಬಗೆ, ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ. ವೈಫೈ ಹೆಸರಲ್ಲಿ ಮನೆ ನಂಬರ್ ಹಾಕಬೇಡಿ, ಬೀದಿಗೆಲ್ಲ ಕಾಣುತ್ತದೆ. ಟವರ್ ಕಡ್ಡಿಗಳು ತುಂಬಿದ್ದರೂ ನೆಟ್ ಬರದಿದ್ದರೆ ಡೇಟಾ ಪ್ಯಾಕ್ ಮುಗಿದಿದೆಯಾ ನೋಡಿ, ಆಮೇಲೆ ಎಪಿಎನ್ (ಸಿಮ್ ಕಂಪನಿಯ ನೆಟ್‌ಗೆ ಸೇರಿಸುವ ಸೆಟ್ಟಿಂಗ್) ಸರಿ ಇದೆಯಾ ನೋಡಿ.

ಇಟ್ಟ ಜಾಗದ್ದೇ ಅರ್ಧ ಆಟ. ಕಲ್ಲು ಚಪ್ಪಡಿಯ ಹಳೇ ಮನೆಯಾಗಲಿ, ಆರ್‌ಸಿಸಿಯಾಗಲಿ, ಸಿಗ್ನಲ್ ಒಳಗೆ ಬರುವುದು ಹೆಚ್ಚಾಗಿ ಕಿಟಕಿಯಿಂದಲೇ. ಬೀರು, ಫ್ರಿಜ್ ಹಿಂದೆ ತುರುಕಬೇಡಿ. ಸೆಟ್ಟಿಂಗ್ಸ್ ಪುಟದಲ್ಲಿ ಆರ್‌ಎಸ್‌ಆರ್‌ಪಿ ಅಂತ ಮೈನಸ್ ಅಂಕಿ ಕಂಡರೆ ಅದೇ ಟವರ್ ಸಿಗ್ನಲ್‌ನ ಅಳತೆ: −85 ಚೆನ್ನಾಗಿದೆ, −110 ಅಂದರೆ ಇನ್ನೊಂದು ಕಿಟಕಿ ಹುಡುಕಿ. ಒಳಕೋಣೆವರೆಗೂ ವೈಫೈ ಬೇಕಿದ್ದರೆ 2.4 ಗಿಗಾಹರ್ಟ್ಸ್ ಆರಿಸಿ. 5 ಗಿಗಾಹರ್ಟ್ಸ್ ಜೋರಾಗಿ ಓಡುತ್ತದೆ, ಆದರೆ ಗೋಡೆ ದಾಟುವುದರಲ್ಲಿ ಸೋಲುತ್ತದೆ.

ಕಿಟಕಿ ಅಂದೆವು ಅಂತ ಬಿಸಿಲಿಗೆ ಇಡಬೇಡಿ. ಬಿಸಿಲು, ಜೊತೆಗೆ ಹಗಲೂ ರಾತ್ರಿ ಚಾರ್ಜರ್, ಇಷ್ಟಾದರೆ ಬ್ಯಾಟರಿ ಊದಿಕೊಳ್ಳಬಹುದು. ಹಿಂಬದಿ ಮುಚ್ಚಳ ಸ್ವಲ್ಪ ಎದ್ದಿದೆ, ಮೇಜಿನ ಮೇಲೆ ಇಟ್ಟರೆ ಅಲ್ಲಾಡುತ್ತದೆ ಅಂದರೆ ಅವತ್ತೇ ಬಳಸುವುದು ನಿಲ್ಲಿಸಿ. ಒತ್ತಿ ಕೂರಿಸಲು, ಚುಚ್ಚಲು ಹೋಗಬೇಡಿ. ಕಸದ ಗಾಡಿಗೂ ಹಾಕಬೇಡಿ, ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಿ. ಕರೆಂಟ್ ಹೋದಾಗ ಕೈಹಿಡಿಯುವುದು ಇದೇ ಬ್ಯಾಟರಿ ಅಲ್ವಾ, ಅದಕ್ಕೇ ಇಷ್ಟು ಹೇಳಿದ್ದು.

ಏನು ಮಾಡಿದರೂ ಸರಿಹೋಗದಿದ್ದರೆ ಪಿನ್‌ನಿಂದ ರೀಸೆಟ್ ಗುಂಡಿಯನ್ನು 10 ಸೆಕೆಂಡಿನಷ್ಟು ಒತ್ತಿ ಹಿಡಿಯಿರಿ. ನೀವು ಮಾಡಿದ್ದೆಲ್ಲ ಅಳಿಸಿ ಚೀಟಿಯ ಪಾಸ್‌ವರ್ಡ್ ವಾಪಸ್ ಬರುತ್ತದೆ. ಊರು ಬಿಡುವಾಗ ರೂಟರ್ ಯಾರಿಗಾದರೂ ಕೊಡುವುದಾದರೂ ಹೀಗೇ ಮಾಡಿ. ಆದರೆ ಸಿಮ್ ತೆಗೆದುಕೊಳ್ಳಿ, ಅದು ನಿಮ್ಮ ಹೆಸರಲ್ಲಿದೆ.